ಥೀಸಿಯಸ್: ಅಥೆನ್ಸ್ ನಗರ ರೂಪಿಸಿಕೊಂಡ ವೀರ

ಪ್ರಾಚೀನ ಗ್ರೀಕರಲ್ಲಿ ‘ವೀರ’ನೆಂದರೆ ಬರಿಯ ಪರಾಕ್ರಮಿ ಎಂದಷ್ಟೇ ಅರ್ಥವಿರಲಿಲ್ಲ. ಮನುಷ್ಯನಾಗಿ ಹುಟ್ಟಿ, ಸತ್ತ ಮೇಲೆ ತನ್ನ ಸಮಾಧಿಯ ಬಳಿ ಬಲಿ ಮತ್ತು ಪೂಜೆಗಳನ್ನು ಪಡೆಯುತ್ತ, ಆ ಸಮಾಧಿ ಇರುವ ಊರನ್ನು ಕಾಯುವವನನ್ನು ಅವರು ವೀರನೆಂದು ಕರೆಯುತ್ತಿದ್ದರು. ಆದ್ದರಿಂದಲೇ ಪ್ರತಿಯೊಂದು ನಗರವೂ ತನ್ನದೆಂದು ಹೇಳಿಕೊಳ್ಳಲು ಒಬ್ಬ ವೀರನನ್ನು ಬಯಸುತ್ತಿತ್ತು. ಅಥೆನ್ಸ್ ನಗರದ ಪಾಲಿಗೆ ಅಂಥವನು ಥೀಸಿಯಸ್. ಕ್ರಿ.ಪೂ. 6 ಮತ್ತು 5ನೆಯ ಶತಮಾನಗಳಲ್ಲಿ ಅಥೆನ್ಸ್ ಬಲಗೊಳ್ಳುತ್ತ ಹೋದಂತೆ ಅವನ ಕಥೆಗೂ ಹೊಸ ಹೊಸ ಸಾಹಸಗಳು ಸೇರುತ್ತ ಹೋದವು. ಈಗ ನಮಗೆ ದೊರೆಯುವ ಅತ್ಯಂತ ವಿಸ್ತಾರವಾದ ಜೀವನಕಥನವನ್ನು ಬರೆದವನು ಅದಕ್ಕಿಂತ ಎಷ್ಟೋ ತಲೆಮಾರುಗಳ ಬಳಿಕ ಬಂದ ಗ್ರೀಕ್ ಲೇಖಕ ಪ್ಲೂಟಾರ್ಕ್. ಕಟ್ಟುಕಥೆಯನ್ನು ವಿವೇಕದಿಂದ ಸೋಸಿ ಚರಿತ್ರೆಯ ರೂಪಕ್ಕೆ ತರುವ ಆಸೆ ಅವನದು. ಆದರೆ ಹಲವು ಕಡೆಗಳಲ್ಲಿ ಅವನು ಒಂದೇ ಕಥೆಯ ಒಂದಕ್ಕೊಂದು ಒಗ್ಗದ ಪಾಠಗಳನ್ನು ಪಕ್ಕಪಕ್ಕದಲ್ಲೇ ಇಟ್ಟು ಮುಂದೆ ಹೋಗುತ್ತಾನೆ, ಮತ್ತು ಆ ಒಗ್ಗದ ಪಾಠಗಳೇ ಅವನ ಬರಹದಲ್ಲಿ ಹೆಚ್ಚು ಬೆಲೆಯುಳ್ಳವು.

ಥೀಸಿಯಸ್‌ಗೆ ತಂದೆಯರು ಇಬ್ಬರು. ಮಕ್ಕಳಿಲ್ಲದ ಅಥೆನ್ಸ್‌ನ ದೊರೆ ಈಜಿಯಸ್ ಡೆಲ್ಫಿಯಲ್ಲಿ ದೇವವಾಣಿ ಕೇಳಿ, ಅದರ ಅರ್ಥ ತಿಳಿಯದೆ ಟ್ರೋಜೆನ್ ಎಂಬ ಊರಿಗೆ ಬಂದಾಗ, ಅಲ್ಲಿನ ದೊರೆ ಪಿತ್ಥಿಯಸ್ ತನ್ನ ಮಗಳು ಈತ್ರಾಳನ್ನು ಅವನ ಬಳಿಗೆ ಕಳುಹಿಸಿದನೆಂದೂ, ಅದೇ ರಾತ್ರಿ ಸಮುದ್ರದೇವತೆ ಪಾಸಿಡಾನ್ ಕೂಡ ಅವಳನ್ನು ಕೂಡಿದನೆಂದೂ ಕಥೆ ಹೇಳುತ್ತದೆ. ಒಬ್ಬ ತಂದೆಯಿಂದ ಸಿಂಹಾಸನದ ಹಕ್ಕು, ಇನ್ನೊಬ್ಬನಿಂದ ಕಡಲಿನ ನಂಟು: ಹಡಗುಪಡೆಯನ್ನು ನೆಚ್ಚಿಕೊಂಡು ಬೆಳೆದ ನಗರಕ್ಕೆ ಇಷ್ಟು ಹೊಂದುವ ವಂಶಾವಳಿ ಇನ್ನೊಂದಿರಲಾರದು. ಊರು ಬಿಡುವ ಮುನ್ನ ಈಜಿಯಸ್ ದೊಡ್ಡದೊಂದು ಬಂಡೆಯಡಿ ತನ್ನ ಕತ್ತಿಯನ್ನೂ ಪಾದರಕ್ಷೆಗಳನ್ನೂ ಇರಿಸಿ, ಹುಟ್ಟುವ ಮಗ ಆ ಬಂಡೆಯನ್ನು ಎತ್ತಬಲ್ಲವನಾದಾಗ ಅವನನ್ನು ತನ್ನಲ್ಲಿಗೆ ಕಳುಹಿಸಬೇಕೆಂದು ಈತ್ರಾಳಿಗೆ ಹೇಳಿ ಹೋದ.

ಯುವಕನಾದ ಥೀಸಿಯಸ್ ಆ ಗುರುತುಗಳನ್ನು ಪಡೆದು, ಸುರಕ್ಷಿತವಾದ ಕಡಲ ದಾರಿಯನ್ನು ಬಿಟ್ಟು, ಕಳ್ಳಕಾಕರಿಂದ ತುಂಬಿದ್ದ ಕಾಲುದಾರಿಯನ್ನೇ ಹಿಡಿದ. ಎದುರಾದ ಒಬ್ಬೊಬ್ಬನನ್ನೂ ಅವನವನ ವಿಧಾನದಿಂದಲೇ ಕೊಂದದ್ದು ಈ ಪಯಣದ ವಿಶೇಷ. ಬಗ್ಗಿಸಿದ ಪೈನ್ ಮರಗಳಿಗೆ ದಾರಿಹೋಕರನ್ನು ಕಟ್ಟಿ ಮರಗಳನ್ನು ಒಮ್ಮೆಲೇ ಬಿಟ್ಟು ಸೀಳುತ್ತಿದ್ದ ಸಿನಿಸ್‌ಗೆ ಅದೇ ಸಾವು ಬಂತು. ಅತಿಥಿಯನ್ನು ಮಂಚಕ್ಕೆ ಸರಿಹೊಂದಿಸಲು ಕುಳ್ಳನಾದರೆ ಎಳೆದು, ಉದ್ದನಾದರೆ ಕತ್ತರಿಸುತ್ತಿದ್ದ ಪ್ರೊಕ್ರಸ್ಟೀಸ್ ತನ್ನ ಮಂಚದ ಮೇಲೆಯೇ ಸತ್ತ. ಮೆಗಾರ ನಗರದ ಬಳಿಯ ಕಡಿದಾದ ಕಡಲದಂಡೆಯಲ್ಲಿ ಸ್ಕೀರೋನ್ ಎಂಬವನಿದ್ದ. ಪ್ರಯಾಣಿಕರು ತನ್ನ ಕಾಲು ತೊಳೆಯಬೇಕೆಂದು ಅವನು ಒತ್ತಾಯಿಸುತ್ತಿದ್ದ, ಅವರು ಬಗ್ಗಿದೊಡನೆ ಒದ್ದು ಸಮುದ್ರಕ್ಕೆ ಬೀಳಿಸುತ್ತಿದ್ದ. ಕೆಳಗೆ ಕಾದಿದ್ದ ಆಮೆ ಅವರನ್ನು ತಿನ್ನುತ್ತಿತ್ತೆಂಬ ಪಾಠವೂ ಇದೆ. ಥೀಸಿಯಸ್ ಅವನನ್ನೂ ಅದೇ ಬಂಡೆಯಿಂದ ತಳ್ಳಿದ. ಆದರೆ ಪ್ಲೂಟಾರ್ಕ್ ಹೇಳುವಂತೆ ಮೆಗಾರದ ಲೇಖಕರು ಈ ಕಥೆಯನ್ನು ಒಪ್ಪುತ್ತಿರಲಿಲ್ಲ. ಅವರ ಸ್ಕೀರೋನ್ ದರೋಡೆಕೋರರನ್ನು ಶಿಕ್ಷಿಸುತ್ತಿದ್ದ ಸಜ್ಜನ, ಗೌರವಸ್ಥ ಮನೆತನಗಳ ನೆಂಟ. ಅಥೆನ್ಸ್ ಮತ್ತು ಮೆಗಾರ ಬಹುಕಾಲ ಜಗಳವಾಡಿದ ನೆರೆಹೊರೆಯವರೆಂಬುದನ್ನು ನೆನೆದರೆ, ಒಂದು ಊರಿನ ರಕ್ಕಸ ಇನ್ನೊಂದು ಊರಿನ ಹಿರಿಯನಾಗಿರುವುದರಲ್ಲಿ ಅಚ್ಚರಿಯಿಲ್ಲ.

ಈ ಸಾಹಸಮಾಲೆ ಗ್ರೀಸ್‌ನ ಎಲ್ಲೆಡೆ ಹೆಸರಾಗಿದ್ದ ವೀರ ಹೆರಾಕ್ಲಿಸ್‌ನ ಹನ್ನೆರಡು ಸಾಹಸಗಳ ಎದುರಿಗೆ ಇಡಲು ಹೆಣೆದದ್ದೆಂದು ತೋರುತ್ತದೆ. ಡೆಲ್ಫಿಯಲ್ಲಿ ಅಥೆನ್ಸಿನವರು ಕಟ್ಟಿಸಿದ ಭಂಡಾರಗೃಹದ ಶಿಲ್ಪಫಲಕಗಳಲ್ಲಿ ಇಬ್ಬರ ಸಾಹಸಗಳನ್ನೂ ಕೆತ್ತಿಸಿದ್ದಾರೆ. ಗ್ರೀಸ್‌ನ ಎಲ್ಲ ಕಡೆಗಳಿಂದ ಯಾತ್ರಿಕರು ಬರುವ ಸ್ಥಳದಲ್ಲಿ ತಮ್ಮ ಊರಿನವನನ್ನು ಹೆರಾಕ್ಲಿಸ್‌ನ ಸರಿಸಮಕ್ಕೆ ನಿಲ್ಲಿಸಿದ ಕೆಲಸ ಅದು.

ಎಲ್ಲರಿಗೂ ತಿಳಿದಿರುವ ಪ್ರಸಂಗ ಕ್ರೀಟ್ ದ್ವೀಪದ್ದು. ಅಲ್ಲಿನ ದೊರೆ ಮೈನಾಸ್‌ನ ಮಗ ಅಥೆನ್ಸ್ ಸೀಮೆಯಲ್ಲಿ ಸತ್ತುದಕ್ಕೆ ದಂಡವಾಗಿ ಏಳು ಯುವಕರನ್ನೂ ಏಳು ಯುವತಿಯರನ್ನೂ ನಿಗದಿತ ವರ್ಷಗಳಿಗೊಮ್ಮೆ ಕಳುಹಿಸಬೇಕಿತ್ತು. ಕುಶಲಕರ್ಮಿ ಡೇಡಲಸ್ ಕಟ್ಟಿದ್ದ ಚಕ್ರವ್ಯೂಹದಂಥ ಕಟ್ಟಡದಲ್ಲಿ, ಗೂಳಿಯ ತಲೆಯೂ ಮನುಷ್ಯನ ಒಡಲೂ ಉಳ್ಳ ಮಿನೋಟಾರ್‌ಗೆ ಅವರು ಆಹಾರವಾಗುತ್ತಿದ್ದರು. ಥೀಸಿಯಸ್ ಆ ಗುಂಪಿನಲ್ಲಿ ತಾನೂ ಸೇರಿ ಹೋದ. ಮೈನಾಸ್‌ನ ಮಗಳು ಅರಿಯಾಡ್ನೆ ಅವನಿಗೆ ಒಲಿದು ನೂಲಿನ ಉಂಡೆಯೊಂದನ್ನು ಕೊಟ್ಟಳು. ಬಾಗಿಲಲ್ಲಿ ಅದರ ತುದಿ ಕಟ್ಟಿ ಒಳನಡೆದ ಅವನು ಮಿನೋಟಾರ್‌ನನ್ನು ಕೊಂದು ಅದೇ ನೂಲಿನ ಜಾಡಿನಲ್ಲಿ ಹೊರಬಂದ.

ಮರಳುವಾಗ ನಡೆದದ್ದು ಅಷ್ಟು ಹೆಮ್ಮೆ ಪಡುವಂಥದ್ದಲ್ಲ. ಜೀವ ಉಳಿಸಿದ ಅರಿಯಾಡ್ನೆಯನ್ನು ಅವನು ನಾಕ್ಸೋಸ್ ದ್ವೀಪದಲ್ಲಿ ಬಿಟ್ಟು ಹೋದ. ದೇವತೆ ಡಯೋನಿಸಸ್ ಅವಳನ್ನು ಬಯಸಿದ್ದನೆಂಬುದು ಒಂದು ಸಮರ್ಥನೆ. ಥೀಸಿಯಸ್ ಈಗ್ಲೆ ಎಂಬ ಬೇರೊಬ್ಬಳ ಮೋಹಕ್ಕೆ ಬಿದ್ದಿದ್ದನೆಂಬುದು ಇನ್ನೊಂದು ಕಾರಣ. ಈ ಎರಡನೆಯದನ್ನು ಹೇಳುವ ಸಾಲೊಂದು ಹೆಸಿಯಡ್ ಕವಿಯ ಕಾವ್ಯದಲ್ಲಿತ್ತೆಂದೂ, ಅಥೆನ್ಸ್‌ನ ಸರ್ವಾಧಿಕಾರಿ ಪೈಸಿಸ್ಟ್ರಾಟಸ್ ನಗರದವರನ್ನು ಮೆಚ್ಚಿಸಲು ಅದನ್ನು ತೆಗೆಸಿಹಾಕಿದನೆಂದೂ ಮೆಗಾರದ ಲೇಖಕನೊಬ್ಬ ಆರೋಪಿಸಿದ್ದನ್ನು ಪ್ಲೂಟಾರ್ಕ್ ದಾಖಲಿಸಿದ್ದಾನೆ. ಆರೋಪ ಮಾಡಿದವನು ಮೆಗಾರದವನೆಂಬುದನ್ನು ಮರೆಯಬಾರದು. ಆದರೂ ವೀರನ ಕಥೆಯನ್ನು ತಿದ್ದುವುದು ಆಳುವವರು ಮಾಡಬಹುದಾದ ಕೆಲಸವೆಂದು ಅಂದಿನ ಜನ ನಂಬಿದ್ದರೆಂಬುದಕ್ಕೆ ಇಷ್ಟು ಸಾಕು. ಗೆದ್ದು ಬಂದರೆ ಬಿಳಿಯ ಹಾಯಿ ಏರಿಸುವೆನೆಂದು ತಂದೆಗೆ ಕೊಟ್ಟ ಮಾತನ್ನೂ ಥೀಸಿಯಸ್ ಮರೆತ. ಕಪ್ಪು ಹಾಯಿಯನ್ನು ಕಂಡ ಈಜಿಯಸ್ ಮಗ ಸತ್ತನೆಂದೆಣಿಸಿ ಎತ್ತರದಿಂದ ಧುಮುಕಿ ಪ್ರಾಣ ಬಿಟ್ಟ. ಈಜಿಯನ್ ಸಮುದ್ರಕ್ಕೆ ಆ ಹೆಸರು ಅವನಿಂದ ಬಂತೆಂಬುದು ಐತಿಹ್ಯ.

ಆ ಹಡಗನ್ನು ಅಥೆನ್ಸಿನವರು ಶತಮಾನಗಳ ಕಾಲ ಉಳಿಸಿಕೊಂಡರಂತೆ. ಕೊಳೆತ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸವನ್ನು ಜೋಡಿಸುತ್ತಿದ್ದರಿಂದ, ಅದು ಅದೇ ಹಡಗೋ ಅಲ್ಲವೋ ಎಂಬ ಚರ್ಚೆ ತತ್ತ್ವಜ್ಞಾನಿಗಳಲ್ಲಿ ಹುಟ್ಟಿತು. ‘ಥೀಸಿಯಸ್‌ನ ಹಡಗು’ ಎಂಬ ಪ್ರಸಿದ್ಧ ಸಮಸ್ಯೆಯ ಮೂಲ ಇದೇ. ಥೀಸಿಯಸ್ ಹೊತ್ತಿದ್ದ ಹರಕೆಯ ನೆನಪಿಗೆ ಪ್ರತಿ ವರ್ಷ ಡೆಲೋಸ್ ದ್ವೀಪಕ್ಕೆ ಹಡಗೊಂದು ಹೋಗುತ್ತಿತ್ತು, ಅದು ಮರಳುವ ತನಕ ನಗರದಲ್ಲಿ ಮರಣದಂಡನೆ ನಡೆಯುವಂತಿರಲಿಲ್ಲ. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್ ತೀರ್ಪಿನ ಬಳಿಕವೂ ಕೆಲವು ವಾರ ಸೆರೆಯಲ್ಲಿ ಬದುಕಿದ್ದದ್ದು ಈ ಕಾರಣದಿಂದ ಎಂದು ಪ್ಲೇಟೋ ಬರೆದಿದ್ದಾನೆ.

ದೊರೆಯಾದ ಥೀಸಿಯಸ್ ಆಟಿಕಾ ಪ್ರದೇಶದ ಚದುರಿದ ಊರುಗಳ ಪ್ರತ್ಯೇಕ ಸಭೆಗಳನ್ನು ರದ್ದುಮಾಡಿ ಅಥೆನ್ಸ್‌ನಲ್ಲಿ ಒಂದೇ ಸಭೆಯನ್ನು ನಿಲ್ಲಿಸಿದನೆಂದು ಇತಿಹಾಸಕಾರ ಥುಸಿಡಿಡೀಸ್ ನಿಜಸಂಗತಿಯೆಂಬಂತೆಯೇ ಹೇಳುತ್ತಾನೆ. ಯೂರಿಪಿಡೀಸ್‌ನ ನಾಟಕವೊಂದರಲ್ಲಂತೂ ಅವನು ಪ್ರಜಾಪ್ರಭುತ್ವವನ್ನು ಸಮರ್ಥಿಸಿ ವಾದಿಸುತ್ತಾನೆ. ದೊರೆಯ ಬಾಯಲ್ಲಿ ಆ ಮಾತು ಆಡಿಸುವುದು ಅಥೆನ್ಸಿನ ಪ್ರೇಕ್ಷಕರಿಗೆ ವಿಚಿತ್ರವೆನಿಸಿದಂತಿಲ್ಲ.

ಕೊನೆಯ ವರ್ಷಗಳಲ್ಲಿ ಅವನಿಗೆ ಒಳ್ಳೆಯ ಹೆಸರು ಉಳಿಯಲಿಲ್ಲ. ಹೆಂಡತಿ ಫೀಡ್ರಾಳ ಸುಳ್ಳು ದೂರನ್ನು ನಂಬಿ ಮಗ ಹಿಪ್ಪಾಲಿಟಸ್‌ನನ್ನು ಶಪಿಸಿ ಅವನ ಸಾವಿಗೆ ಕಾರಣನಾದ. ಗೆಳೆಯ ಪಿರಿಥೌಸ್‌ನೊಂದಿಗೆ ಸೇರಿ ಮುಂದೆ ಟ್ರಾಯ್ ಯುದ್ಧಕ್ಕೆ ಕಾರಣಳಾಗಲಿದ್ದ, ಆಗಿನ್ನೂ ಬಾಲಕಿಯಾಗಿದ್ದ ಹೆಲೆನ್‌ಳನ್ನು ಅಪಹರಿಸಿದ. ಬಳಿಕ ಆ ಗೆಳೆಯನಿಗಾಗಿ ಪಾತಾಳದ ರಾಣಿ ಪರ್ಸೆಫೊನೆಯನ್ನು ತರಲು ಪಾತಾಳಕ್ಕಿಳಿದು ಅಲ್ಲಿಯೇ ಸೆರೆಯಾದ. ಅವನನ್ನು ಬಿಡಿಸಿ ತಂದವನು ಹೆರಾಕ್ಲಿಸ್. ಹೆಲೆನ್‌ಳ ಅಣ್ಣತಮ್ಮಂದಿರು ತಂಗಿಯ ಜೊತೆಗೆ ಈತ್ರಾಳನ್ನೂ ಹಿಡಿದೊಯ್ದರು. ಹೋಮರನ ಇಲಿಯಡ್‌ನಲ್ಲಿ ಟ್ರಾಯ್ ಅರಮನೆಯ ಹೆಲೆನ್‌ಳ ದಾಸಿಯರ ನಡುವೆ ಈತ್ರಾ ಎಂಬ ಹೆಸರು ಕಾಣಿಸುತ್ತದೆ. ಥೀಸಿಯಸ್ ಮರಳಿದಾಗ ಅಥೆನ್ಸ್ ಅವನಿಗೆ ತಿರುಗಿಬಿದ್ದಿತ್ತು. ಸ್ಕೈರೋಸ್ ದ್ವೀಪದಲ್ಲಿ ಆಶ್ರಯ ಬೇಡಿದವನನ್ನು ಅಲ್ಲಿನ ದೊರೆ ಲೈಕೊಮಿಡೀಸ್ ಬಂಡೆಯಿಂದ ತಳ್ಳಿ ಕೊಂದ.

ಕ್ರಿ.ಪೂ. 490ರ ಮ್ಯಾರಥಾನ್ ಕಾಳಗದಲ್ಲಿ ಆಯುಧ ಹಿಡಿದು ಪರ್ಷಿಯನ್ನರ ಮೇಲೆ ನುಗ್ಗುತ್ತಿದ್ದ ಥೀಸಿಯಸ್‌ನನ್ನು ಕಂಡೆವೆಂದು ಹಲವು ಯೋಧರು ಹೇಳಿದರಂತೆ. ಅವನ ಎಲುಬುಗಳನ್ನು ತರಬೇಕೆಂದು ಬಳಿಕ ಡೆಲ್ಫಿಯ ದೇವವಾಣಿಯಾಯಿತು. ಕ್ರಿ.ಪೂ. 475ರ ಸುಮಾರಿಗೆ ಸೇನಾನಿ ಕಿಮೋನ್ ಸ್ಕೈರೋಸನ್ನು ಗೆದ್ದು, ಕಂಚಿನ ಭರ್ಜಿ ಮತ್ತು ಕತ್ತಿಗಳೊಂದಿಗೆ ದೊರೆತ ಭಾರೀ ಗಾತ್ರದ ಅಸ್ಥಿಗಳನ್ನು ಅಥೆನ್ಸಿಗೆ ತಂದ. ಜನರು ಮೆರವಣಿಗೆ ಮಾಡಿ, ಬಲಿಗಳನ್ನು ಅರ್ಪಿಸಿ ಬರಮಾಡಿಕೊಂಡರು. ದ್ವೀಪವನ್ನು ವಶಪಡಿಸಿಕೊಳ್ಳಲು ಇದಕ್ಕಿಂತ ಪುಣ್ಯದ ನೆಪ ಕಿಮೋನ್‌ಗೆ ಸಿಗುವಂತಿರಲಿಲ್ಲ. ನಗರದ ನಡುವೆ ಎದ್ದ ಆ ಸಮಾಧಿಸ್ಥಾನ, ಥೀಸಿಯೋನ್, ಯಜಮಾನರಿಂದ ತಪ್ಪಿಸಿಕೊಂಡ ಗುಲಾಮರಿಗೂ ಬಲಾಢ್ಯರಿಗೆ ಹೆದರಿದ ಬಡವರಿಗೂ ಆಶ್ರಯವಾಯಿತು. ಅದರ ಕಟ್ಟಡ ಈಗ ಉಳಿದಿಲ್ಲ. ಹಳೆಯ ಸಂತೆಮಾಳವಾದ ಅಗೋರದ ಅಂಚಿನ ಗುಡ್ಡದ ಮೇಲಿರುವ ಕಮ್ಮಾರರ ದೇವತೆ ಹಿಫೀಸ್ಟಸ್‌ನ ದೇವಾಲಯದ ಫಲಕಗಳಲ್ಲಿ ಥೀಸಿಯಸ್‌ನ ಸಾಹಸಗಳನ್ನು ಕೆತ್ತಿರುವುದರಿಂದ ಜನ ಅದನ್ನೇ ಥೀಸಿಯೋನ್ ಎಂದು ಕರೆಯತೊಡಗಿದರು. ಆ ಬಡಾವಣೆಗೂ ಅಲ್ಲಿನ ಮೆಟ್ರೋ ನಿಲ್ದಾಣಕ್ಕೂ ಇಂದು ಥಿಸಿಯೋ ಎಂದೇ ಹೆಸರು.