ಬೆನ್ನು ತಿರುಗಿಸಿದಾಗಲೇ ಹಾರುವ ಹುಂಜ

ಕರುವಿಗೆ ಜಂತುಹುಳದ ಔಷಧಿ ಕುಡಿಸಲೆಂದು ತೀರ್ಥಹಳ್ಳಿ ಕಡೆಯ ಮನೆಯೊಂದಕ್ಕೆ ಹೋಗಿದ್ದೆ. ಜಗುಲಿಯ ಮೇಲೆ ಅಜ್ಜಿಯೊಬ್ಬರು ಒಂದು ಕೈಯಲ್ಲಿ ಅಕ್ಕಚ್ಚಿನ ಪಾತ್ರೆ, ಇನ್ನೊಂದರಲ್ಲಿ ಕಸಬರಿಗೆ ಹಿಡಿದು ನಿಂತಿದ್ದರು. ಕೊಟ್ಟಿಗೆ ಇಪ್ಪತ್ತು ಹೆಜ್ಜೆ ದೂರ. ನಡುವೆ ಅಂಗಳದಲ್ಲಿ ಒಂದು ಕೆಂಪು ಹುಂಜ.

“ಡಾಕ್ಟ್ರೇ, ಇದಕ್ಕೇನಾದ್ರೂ ಇಂಜೆಕ್ಷನ್ ಇದ್ರೆ ಹಾಕಿ. ಮೊನ್ನೆ ಮೀನಖಂಡಕ್ಕೆ ಹೊಡೆದು ರಕ್ತ ಬಂತು. ಚೌಡಿಗೆ ಬಿಟ್ಟ ಹುಂಜ, ಮಾರೋ ಹಾಗೂ ಇಲ್ಲ” ಎಂದರು.

ಅಂಥ ಇಂಜೆಕ್ಷನ್ ಇಲ್ಲ. ಆದರೆ ಹುಂಜವನ್ನು ಹೇಗೆ ಸಾಕಿದಿರಿ ಎಂದು ಕೇಳಿದಾಗ ಕಾರಣ ಸಿಕ್ಕಿತು. ತಾಯಿಕೋಳಿಯನ್ನೂ ಉಳಿದ ಮರಿಗಳನ್ನೂ ಮುಂಗುಸಿ ಮುಗಿಸಿತ್ತು. ಉಳಿದ ಈ ಒಂದು ಮರಿಯನ್ನು ಮೊಮ್ಮಗ ರಟ್ಟಿನ ಡಬ್ಬದಲ್ಲಿ ಬಲ್ಬಿನ ಕೆಳಗಿಟ್ಟು ಬೆಳೆಸಿದ್ದ. ಅದು ಅಂಗೈಯಿಂದ ಅಕ್ಕಿ ತಿನ್ನುತ್ತಿತ್ತು, ಹೆಗಲ ಮೇಲೆ ಕೂರುತ್ತಿತ್ತು. “ಮಗು ಹಾಗೆ ಸಾಕಿದ್ವಿ, ಈಗ ನಮಗೇ ಹಾರ್ತದೆ” ಎಂದು ಅಜ್ಜಿ ನೊಂದುಕೊಂಡರು. ಈ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಮಗುವಿನ ಹಾಗೆ ಸಾಕಿದ್ದರಿಂದಲೇ ಅದು ಹಾರುತ್ತಿದೆ ಎಂದು ಹೇಳುವಾಗ ಪ್ರತಿಸಲವೂ ಬೇಸರವಾಗುತ್ತದೆ.

ಒಂಟಿಯಾಗಿ ಮನುಷ್ಯರ ಕೈಯಲ್ಲಿ ಬೆಳೆದ ಗಂಡುಮರಿಗೆ ಮನುಷ್ಯರ ಅಂಜಿಕೆ ಇರುವುದಿಲ್ಲ. ಅದರ ಲೆಕ್ಕದಲ್ಲಿ ನಾವೂ ಅದರ ಹಿಂಡಿನವರೇ. ಐದಾರು ತಿಂಗಳಿಗೆ ಮೈಯಲ್ಲಿ ಗಂಡು ಹಾರ್ಮೋನು ಏರಿದಾಗ ಹಿಂಡಿನಲ್ಲಿ ತನ್ನ ಸ್ಥಾನ ಯಾವುದು ಎಂದು ಪ್ರತಿ ಹುಂಜವೂ ತೀರ್ಮಾನ ಮಾಡಿಕೊಳ್ಳಲೇಬೇಕು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು-ಕೆಳಗಿನ ಸಾಲು ಇರುತ್ತದೆಂದು ಮೊದಲು ವಿವರವಾಗಿ ಬರೆದವರು ನಾರ್ವೆಯ ಷೆಲ್ಡೆರುಪ್-ಎಬ್ಬೆ. ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತಾ ಬಂದಿದ್ದ ಅವರು 1920ರ ದಶಕದ ಆರಂಭದಲ್ಲಿ ಅದನ್ನು ಪ್ರಕಟಿಸಿದರು. ತಾಯಿಯ ಜೊತೆ, ಒಡಹುಟ್ಟಿದ ಮರಿಗಳ ಜೊತೆ ಬೆಳೆದ ಹುಂಜ ಈ ಸಾಲನ್ನು ಕೋಳಿಗಳ ನಡುವೆಯೇ ಇತ್ಯರ್ಥ ಮಾಡಿಕೊಳ್ಳುತ್ತದೆ. ಕೈಯಲ್ಲಿ ಬೆಳೆದದ್ದು ನಮ್ಮನ್ನೂ ಸೇರಿಸಿಕೊಳ್ಳುತ್ತದೆ.

ಹಾರುವ ಮೊದಲು ಅದು ಸೂಚನೆ ಕೊಟ್ಟೇ ಕೊಡುತ್ತದೆ. ಒಂದು ರೆಕ್ಕೆಯನ್ನು ನೆಲಕ್ಕೆ ಸವರುವಂತೆ ಇಳಿಸಿ ಅಡ್ಡಡ್ಡ ಹೆಜ್ಜೆ ಹಾಕುತ್ತದೆ. ಹೇಂಟೆಯ ಮುಂದೆಯೂ ಹೀಗೆ ಕುಣಿಯುತ್ತದೆ, ಆದರೆ ನಿಮ್ಮ ಮುಂದೆ ಕುಣಿದರೆ ಅದು ಸವಾಲು. ಕುತ್ತಿಗೆಯ ಗರಿ ಕೆದರುತ್ತದೆ. ಕಾಳು ಇಲ್ಲದ ಕಡೆ ನೆಲ ಕುಕ್ಕುತ್ತಾ ಒಂದು ಕಣ್ಣನ್ನು ನಿಮ್ಮ ಮೇಲೆಯೇ ಇಟ್ಟಿರುತ್ತದೆ. ನೀವು ಬೆನ್ನು ತಿರುಗಿಸಿದ ಕೂಡಲೇ ಹಾರುತ್ತದೆ.

ಆಗ ಹೆಚ್ಚಿನವರು ಓಡುತ್ತಾರೆ, ಇಲ್ಲವೇ ಒದೆಯುತ್ತಾರೆ. ಓಡಿದರೆ ಅದು ಗೆದ್ದ ಹಾಗೆ, ಒದ್ದರೆ ನೀವು ಕಾಳಗಕ್ಕೆ ಒಪ್ಪಿಕೊಂಡ ಹಾಗೆ. ಕಾಳಗದಲ್ಲಿ ಹುಂಜ ಒಂದು ಸೋಲಿಗೆ ಸುಮ್ಮನಾಗುವ ಪ್ರಾಣಿಯಲ್ಲ, ನಾಳೆ ಮತ್ತೆ ಬರುತ್ತದೆ. ಒದೆ ತಿಂದು ಎದೆಮೂಳೆ, ಕಾಲು ಮುರಿದುಕೊಂಡ ಹುಂಜಗಳನ್ನು ನನ್ನ ಬಳಿ ತಂದವರಿದ್ದಾರೆ.

ಅಜ್ಜಿಯ ಮನೆಯವರಿಗೆ ನಾನು ಹೇಳಿದ್ದು ಇಷ್ಟು. ಗಂಬೂಟು ಹಾಕಿಕೊಂಡು, ಮುಂದೆ ಒಂದು ಬುಟ್ಟಿಯನ್ನೋ ಹಲಗೆಯನ್ನೋ ಅಡ್ಡ ಹಿಡಿದು ಅಂಗಳಕ್ಕೆ ಇಳಿಯಿರಿ. ಸವಾಲು ಹಾಕಿದರೆ ಎದುರಾಗಿ ನಿಂತು ನಿಧಾನವಾಗಿ ಒಂದು ಹೆಜ್ಜೆ ಅದರ ಕಡೆಗೇ ಇಡಿ. ಹೊಡೆಯಬೇಡಿ, ಕೂಗಬೇಡಿ. ಅದು ಗರಿ ಇಳಿಸಿ ಬೇರೆ ಕಡೆ ಮೇಯಲು ಹೋಗುವ ತನಕ ನೀವು ಜಾಗ ಬಿಡಬೇಡಿ. ಇದಕ್ಕೆ ಒಮ್ಮೊಮ್ಮೆ ಹತ್ತು ನಿಮಿಷ ಬೇಕು. ಅವಸರದಲ್ಲಿರುವ ದಿನ ಇದನ್ನು ಶುರು ಮಾಡಲೇಬೇಡಿ, ಅರ್ಧಕ್ಕೆ ಹಿಂದೆ ಸರಿದರೆ ಇದ್ದದ್ದಕ್ಕಿಂತ ಕೆಡುತ್ತದೆ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಒಡ್ಡಿಯಲ್ಲಿ ಕೂತದ್ದನ್ನು ಸುಲಭವಾಗಿ ಎತ್ತಬಹುದು. ರೆಕ್ಕೆ ಎರಡೂ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಓಡಾಡಿ ವಾಪಸು ಕೂರಿಸಿ. ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಬೇಡಿ. ಅದು ಬರೀ ಹಿಂಸೆ, ಪಾಠವಲ್ಲ.

ಮೊಮ್ಮಗನಿಗೆ ಹೇಳಿದ್ದು ಅವನಿಗೆ ಕಷ್ಟವಾಯಿತು. ಕೈಯಿಂದ ತಿನ್ನಿಸುವುದು ನಿಲ್ಲಿಸು, ಹಗಲು ಎತ್ತಿ ಮುದ್ದಿಸಬೇಡ, ಕೆಣಕಿ ಓಡುವ ಆಟ ಸಾಕು, ಕಾಳನ್ನು ಹೇಂಟೆಗಳ ನಡುವೆ ಚೆಲ್ಲು ಎಂದೆ. ಮೂರು ವಾರದ ಮೇಲೆ ಅಜ್ಜಿ ಬುಟ್ಟಿ ಹಿಡಿದು ಕೊಟ್ಟಿಗೆಗೆ ಹೋಗಿಬರುವಂತಾದರು. ಪೂರ್ತಿ ಸರಿಹೋಯಿತು ಎನ್ನಲಾರೆ. ಹಾರುವ ಅಭ್ಯಾಸ ಬಲಿತ ಹುಂಜದ ಹತ್ತಿರ ಸಣ್ಣ ಮಕ್ಕಳನ್ನು ಬಿಡಲೇಬಾರದು. ಅದು ಹಾರುವ ಎತ್ತರಕ್ಕೆ ಸರಿಯಾಗಿ ಮಗುವಿನ ಕಣ್ಣಿರುತ್ತದೆ. ಹಾಗಾಗಿ ಮಕ್ಕಳು ಅಂಗಳದಲ್ಲಿರುವ ಹೊತ್ತಿಗೆ ಹುಂಜ ಬಲೆ ಹಾಕಿದ ಆವರಣದೊಳಗೆ ಇರಬೇಕೆಂದು ಗೊತ್ತುಮಾಡಿದೆವು.

ಹುಂಜದ ಕಾಲಿನ ಹಿಂದಿರುವ ಮುಳ್ಳಿನಿಂದಾದ ಗಾಯ ನೋಡಲು ಚಿಕ್ಕದು, ಆದರೆ ಆಳ. ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಧನುರ್ವಾಯು ಚುಚ್ಚುಮದ್ದಿನ ವಿಚಾರಕ್ಕೆ ಆಸ್ಪತ್ರೆಗೆ ಹೋಗಿ. ಕಣ್ಣಿನ ಹತ್ತಿರವಾದರೆ ತಡಮಾಡಬೇಡಿ. ಮುಳ್ಳನ್ನೇ ಬುಡಸಮೇತ ಕತ್ತರಿಸಿಬಿಡುತ್ತೇವೆ ಎನ್ನುವವರಿಗೆ ಒಂದು ಮಾತು: ಹೊರಗೆ ಕಾಣುವುದು ಉಗುರಿನಂಥ ಕವಚ, ಒಳಗಿರುವುದು ಜೀವಂತ ಮೂಳೆ, ಅದರಲ್ಲಿ ರಕ್ತ ಹರಿಯುತ್ತಿರುತ್ತದೆ. ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಿದರೆ ಸಾಕು.

ಮನುಷ್ಯರ ದೂರು ಬೇಗ ನನಗೆ ಮುಟ್ಟುತ್ತದೆ, ಹೇಂಟೆಗಳ ದೂರು ಮುಟ್ಟುವುದಿಲ್ಲ. ಅವುಗಳ ಬೆನ್ನು ನೋಡಿ. ಬೆನ್ನು, ನೆತ್ತಿಯ ಹಿಂಭಾಗ ಬೋಳಾಗಿದ್ದರೆ, ರೆಕ್ಕೆಯ ಬುಡದಲ್ಲಿ ಸೀಳಿದ ಗಾಯವಿದ್ದರೆ ಹುಂಜ ಹೆಚ್ಚಾಯಿತು ಅಥವಾ ಹೇಂಟೆ ಕಡಿಮೆಯಾಯಿತು ಎಂದರ್ಥ. ಒಂದು ಹುಂಜಕ್ಕೆ ಎಂಟು-ಹತ್ತು ಹೇಂಟೆ ಇರಬೇಕು. ಮೂರು ಹೇಂಟೆಗೆ ಎರಡು ಹುಂಜ ಸಾಕಿರುವ ಮನೆಗಳಿವೆ; ಅಲ್ಲಿ ಹೇಂಟೆಗಳು ಒಡ್ಡಿಯಿಂದ ಇಳಿಯಲೂ ಹೆದರುತ್ತವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹುಂಜವನ್ನು ಸಣ್ಣ ನಾಟಿ ಹೇಂಟೆಗಳ ಜೊತೆ ಬಿಟ್ಟರೆ ಆ ಭಾರವೇ ಅವಕ್ಕೆ ಶಿಕ್ಷೆ. ಬರೀ ಮೊಟ್ಟೆ ಸಾಕು, ಮರಿ ಬೇಡ ಎನ್ನುವವರಿಗೆ ಹುಂಜವೇ ಬೇಕಿಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಅದು ಮರಿಯಾಗುವುದಿಲ್ಲ ಅಷ್ಟೆ. ಇದನ್ನು ನಂಬದವರು ಈಗಲೂ ಇದ್ದಾರೆ.

ಪೇಟೆಯಲ್ಲಿ ಸಾಕುವವರ ತೊಂದರೆ ಕೂಗು. ಬೆಳಕಿಗೆ ಕೂಗುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ ಪ್ರಕಾರ ಹುಂಜದ ಮೈಯೊಳಗಿನ ಗಡಿಯಾರವೇ ಅದನ್ನು ಕೂಗಿಸುತ್ತದೆ. ಹಿಂಡಿನಲ್ಲಿ ಮೇಲಿನ ಸ್ಥಾನದ್ದು ಮೊದಲು ಕೂಗುತ್ತದೆ, ಉಳಿದವು ಸಾಲಿನ ಪ್ರಕಾರ ಹಿಂಬಾಲಿಸುತ್ತವೆ ಎಂದು ಎರಡು ವರ್ಷದ ಬಳಿಕ ಅವರೇ ಕಂಡುಕೊಂಡರು. ಹಾಗಾಗಿ ಜೋರಾಗಿ ಕೂಗುವುದನ್ನು ಕೊಟ್ಟುಬಿಟ್ಟರೆ ಎರಡನೆಯದು ಆ ಕೆಲಸ ವಹಿಸಿಕೊಳ್ಳುತ್ತದೆ. ಗಾಳಿಯಾಡುವ, ಕತ್ತಲಿನ ಒಳಗೂಡಿನಲ್ಲಿ ಬೆಳಗಿನ ತನಕ ಇಟ್ಟರೆ ಸದ್ದು ಹೊರಗೆ ಕಡಿಮೆ ಬರುತ್ತದೆ. ಕೂಗದಂತೆ ಕುತ್ತಿಗೆಗೆ ಪಟ್ಟಿ ಬಿಗಿಯುವುದನ್ನು ನಾನು ಒಪ್ಪುವುದಿಲ್ಲ, ಉಸಿರು ಕಟ್ಟಿದರೆ ನೋಡುವವರು ಯಾರು?

ಇಷ್ಟೆಲ್ಲ ತೊಂದರೆಯ ಮೂಲ ಇರುವುದು ಯಾವ ಹುಂಜವನ್ನು ಉಳಿಸಿಕೊಳ್ಳುತ್ತೇವೆ ಎಂಬಲ್ಲಿ. ಜುಟ್ಟು ದೊಡ್ಡದು, ಬಾಲ ಚೆಂದ, ಮೈಕಟ್ಟು ಭರ್ಜರಿ ಎಂದು ಆರಿಸುತ್ತೇವೆ. ನನ್ನ ಕೇಳಿದರೆ ಕಾಳು ಚೆಲ್ಲಿ ಹತ್ತು ನಿಮಿಷ ದೂರ ಕೂತು ನೋಡಿ. ಒಳ್ಳೆಯ ಹುಂಜ ಕಾಳು ಕಂಡ ಕೂಡಲೇ ತಿನ್ನುವುದಿಲ್ಲ. ಕೊಕ್ಕಿನಲ್ಲಿ ಎತ್ತಿ ಬೀಳಿಸುತ್ತಾ ‘ಟುಕ್ ಟುಕ್’ ಎಂದು ಹೇಂಟೆಗಳನ್ನು ಕರೆಯುತ್ತದೆ, ಅವು ತಿಂದ ಮೇಲೆ ತಾನು ತಿನ್ನುತ್ತದೆ. ಗಿಡುಗ ಬಂದರೆ ಒಂದು ಕೂಗು, ನಾಯಿ ಬಂದರೆ ಬೇರೆಯೇ ಕೂಗು. ಮನುಷ್ಯರು ಹತ್ತಿರ ಬಂದರೆ ಎರಡು ಹೆಜ್ಜೆ ಸರಿದು ದಾರಿ ಬಿಡುತ್ತದೆ. ಅಂಥದ್ದು ನೋಡಲು ಸಾಧಾರಣವಾಗಿದ್ದರೂ ಇಟ್ಟುಕೊಳ್ಳಿ. ಸಿಟ್ಟಿನ ಗುಣ ಮರಿಗಳಿಗೂ ಇಳಿಯುತ್ತದೆ, ಹಾರುವ ಹುಂಜದ ಜೊತೆ ಕೂಡಿದ ಹೇಂಟೆಯ ಮೊಟ್ಟೆಗೆ ಕಾವು ಕೂರಿಸಬೇಡಿ. ಒಮ್ಮೆ ಕೂಡಿದ ಹೇಂಟೆಯ ಮೈಯಲ್ಲಿ ಬೀಜ ಹತ್ತು ದಿನದಿಂದ ಎರಡು ವಾರ ಉಳಿಯುತ್ತದೆ. ಆದ್ದರಿಂದ ಹಳೆಯ ಹುಂಜವನ್ನು ಬೇರೆ ಮಾಡಿ ಮೂರು ವಾರ ಕಳೆದ ಮೇಲೆ ಮೊಟ್ಟೆ ಆರಿಸಿಡಿ.

ಕೊನೆಯದಾಗಿ, ದಿನವೂ ಹಾರುತ್ತಿದ್ದ ಹುಂಜ ಒಂದು ಬೆಳಗ್ಗೆ ಕೂಗದೆ, ರೆಕ್ಕೆ ಜೋತು ಬಿಟ್ಟು ಮೂಲೆಯಲ್ಲಿ ನಿಂತಿದ್ದರೆ ಬುದ್ಧಿ ಬಂತೆಂದು ಸುಮ್ಮನಿರಬೇಡಿ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಇದ್ದರೆ ಅದು ಕೋಳಿಯಿಂದ ಕೋಳಿಗೆ ಹರಡುವ ಕೊಕ್ಕರೆ ರೋಗವಿರಬಹುದು. ಆ ಹುಂಜವನ್ನು ಬೇರೆ ಕಟ್ಟಿ, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ, ಉಳಿದವಕ್ಕೆ ಲಸಿಕೆ ಆಗಿದೆಯೇ ಎಂದು ನೋಡಿಕೊಳ್ಳಿ.