ಲಿನಕ್ಸಲ್ಲಿ ಗೇಮು: ನೇಟಿವ್ ಅನ್ನೋ ಹಠ, ಪ್ರೋಟಾನ್ ಅನ್ನೋ ಅಡ್ಡದಾರಿ

ಲಿನಕ್ಸಿಗಂತಲೇ ಮಾಡಿದ ನೇಟಿವ್ ಗೇಮೇ ಬೇಕು ಅಂತ ಕೆಲವರು, ವಿಂಡೋಸ್ ಗೇಮನ್ನೇ ಲಿನಕ್ಸಲ್ಲಿ ಓಡಿಸೋ ಪ್ರೋಟಾನ್ ಇದ್ರೆ ಸಾಕು ಅಂತ ಇನ್ನು ಕೆಲವರು. ಈ ಜಗಳ ಪ್ರೋಟಾನ್ ಬಂದ್ಮೇಲೆ ಹುಟ್ಟಿದ್ದಲ್ಲ. 1993ರಲ್ಲೇ ವೈನ್ ಶುರುವಾಗಿತ್ತು. ವಿಂಡೋಸ್ ಪ್ರೋಗ್ರಾಮು ಏನೇನು ಕೇಳುತ್ತೋ ಅದಕ್ಕೆಲ್ಲ ಲಿನಕ್ಸ್ ಕಡೆಯಿಂದ ಉತ್ತರ ಕೊಡೋ ಪದರ ಅಷ್ಟೇ, ನಾನು ಎಮ್ಯುಲೇಟರ್ (ಬೇರೆ ಕಂಪ್ಯೂಟರನ್ನೇ ನಕಲು ಮಾಡೋ ಪ್ರೋಗ್ರಾಮು) ಅಲ್ಲ ಅಂತ ಹೆಸರಲ್ಲೇ ಹೇಳ್ಕೊಂಡಿದೆ. 1.0 ಬರೋಷ್ಟರಲ್ಲಿ 2008, ಅಂದ್ರೆ ಹದಿನೈದು ವರ್ಷ!

ಇನ್ನೊಂದು ದಾರಿ ಹಿಡಿದಿದ್ದು ಲೋಕಿ ಸಾಫ್ಟ್‌ವೇರ್. 1998ರಿಂದ ಬೇರೆ ಕಂಪನಿಗಳ ಗೇಮ್‌ಗಳನ್ನ ಲಿನಕ್ಸಲ್ಲಿ ಓಡೋ ಹಾಗೆ ಬದಲಿಸಿ (ಪೋರ್ಟ್ ಮಾಡಿ) ಡಬ್ಬಿಲಿ ಹಾಕಿ ಮಾರ್ತಿದ್ರು, ಕೊಳ್ಳೋರು ಸಾಲಲಿಲ್ಲ, 2002ರ ಜನವರಿಗೆ ಬಾಗಿಲು ಹಾಕಿದ್ರು. ಅಲ್ಲಿದ್ದ ಸ್ಯಾಮ್ ಲ್ಯಾಂಟಿಂಗಾ ಬರೆದ ಎಸ್‌ಡಿಎಲ್ ಲೈಬ್ರರಿ (ಚಿತ್ರ, ಸದ್ದು, ಕೀಬೋರ್ಡ್ ಕೆಲಸಗಳನ್ನ ಗೇಮಿಗೆ ಮಾಡಿಕೊಡೋ ಸಿದ್ಧ ಕೋಡ್) ಮಾತ್ರ ಉಳೀತು, ಇವತ್ತಿಗೂ ಲೆಕ್ಕವಿಲ್ಲದಷ್ಟು ಗೇಮ್‌ಗಳು ಅದನ್ನೇ ನಂಬ್ಕೊಂಡಿವೆ.

ಆಮೇಲೆ ವಾಲ್ವ್, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯ ಕಂಪನಿ. ವಿಂಡೋಸ್ 8 ಜೊತೆ ಮೈಕ್ರೋಸಾಫ್ಟಿನ ಸ್ವಂತ ಸ್ಟೋರ್ ಬಂದಾಗ ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್‌ಗೆ ಭಯ ಆಯ್ತು, 2013ರ ಫೆಬ್ರವರಿಲಿ ಲಿನಕ್ಸಿಗೆ ಸ್ಟೀಮ್ ಬಂತು, 2015ರಲ್ಲಿ ಲಿನಕ್ಸ್ ಮೇಲೆ ಓಡೋ ಗೇಮ್ ಡಬ್ಬ ಸ್ಟೀಮ್ ಮೆಷಿನ್ ಬಂದು ಮಕಾಡೆ ಮಲಗ್ತು. ಡಬ್ಬ ಇತ್ತು, ಆಡೋಕೆ ಗೇಮೇ ಸಾಕಷ್ಟಿರಲಿಲ್ಲ. ಫೆರಲ್ ಥರದ ಪೋರ್ಟಿಂಗ್ ಕಂಪನಿಯವರು ಒಳ್ಳೊಳ್ಳೆ ಪೋರ್ಟ್ ಕೊಟ್ರು ನಿಜ, ಆದ್ರೆ ನನ್ನ ಕೇಳಿದ್ರೆ ನೇಟಿವ್‌ಗೆ ನಿಜವಾದ ರೋಗ ಹಿಡಿಯೋದು ಬಿಡುಗಡೆ ಆದ್ಮೇಲೆ. ವಿಂಡೋಸಿಗೆ ಪ್ಯಾಚ್ ಬರುತ್ತೆ, ಲಿನಕ್ಸಿಗೆ ತಿಂಗಳುಗಟ್ಲೆ ಬರಲ್ಲ, ಅಷ್ಟರಲ್ಲಿ ವರ್ಷನ್ ಹೊಂದದೆ ಫ್ರೆಂಡ್ಸ್ ಜೊತೆ ಆಡೋಕಾಗಲ್ಲ, ಇತ್ತ ಡಿಸ್ಟ್ರೋಗಳ (ಉಬುಂಟು ಥರದ ಲಿನಕ್ಸ್ ಆವೃತ್ತಿಗಳ) ಲೈಬ್ರರಿಗಳು ಬದಲಾಗಿ ಹಳೇ ಗೇಮು ಓಪನ್ನೇ ಆಗಲ್ಲ. 2022ರಲ್ಲಿ ಲಿನಕ್ಸಿನ ಮೂಲ ಲೈಬ್ರರಿ ಜಿಲಿಬ್‌ಸಿ 2.36 ಬಂದು, ಚೀಟರ್‌ಗಳನ್ನ ತಡೆಯೋ ಈಸಿ ಆಂಟಿ ಚೀಟ್ ಕೆಟ್ಟುಹೋದಾಗ, ಲಿನಕ್ಸಲ್ಲಿ ಬದಲಾಗದೇ ಇರೋದು ವಿನ್32 (ವಿಂಡೋಸ್ ಪ್ರೋಗ್ರಾಮುಗಳ ಇಂಟರ್‌ಫೇಸ್) ಒಂದೇ ಅಂತ ಜನ ನಗಾಡಿದ್ರು. ಜೋಕೇ, ಆದ್ರೆ ಸುಳ್ಳಲ್ಲ.

ಅಷ್ಟರಲ್ಲಿ ಆಟ ಬದಲಾಗಿತ್ತು. ಫಿಲಿಪ್ ರೆಬೋಲೆ ಅನ್ನೋರಿಗೆ ನಿಯರ್ ಆಟೋಮಾಟಾ ಗೇಮು ಲಿನಕ್ಸಲ್ಲಿ ಆಡ್ಬೇಕಿತ್ತು, ಅದಕ್ಕೇ ವಿಂಡೋಸಿನ ಗ್ರಾಫಿಕ್ಸ್ ವ್ಯವಸ್ಥೆ ಡೈರೆಕ್ಟ್‌ಎಕ್ಸ್ 11 ಕರೆಗಳನ್ನ ಲಿನಕ್ಸಲ್ಲೂ ನಡೆಯೋ ವಲ್ಕನ್‌ಗೆ ತಿರುಗಿಸೋ ಡಿಎಕ್ಸ್‌ವಿಕೆ ಬರೆದ್ರು. ವಾಲ್ವ್ ಅದನ್ನ ವೈನ್ ಜೊತೆ ಸೇರಿಸಿ 2018ರ ಆಗಸ್ಟಲ್ಲಿ ಪ್ರೋಟಾನ್ ಬಿಡ್ತು, ಮೊದಲ ದಿನ ಒಪ್ಪಿಗೆ ಸಿಕ್ಕಿದ್ದು ಬರೀ 27 ಗೇಮಿಗೆ. 2022ರಲ್ಲಿ ವಾಲ್ವಿನ ಕೈಲಿ ಹಿಡಿದು ಆಡೋ ಲಿನಕ್ಸ್ ಯಂತ್ರ ಸ್ಟೀಮ್ ಡೆಕ್ ಬಂದ್ಮೇಲಂತೂ ಪೋರ್ಟಿಗೆ ದುಡ್ಡು ಸುರಿಯೋದ್ಯಾಕೆ, ಪ್ರೋಟಾನಲ್ಲಿ ಓಡಿದ್ರೆ ಆಯ್ತಲ್ಲ ಅಂತ ಎಷ್ಟೋ ಸ್ಟುಡಿಯೋಗಳು ಸುಮ್ಮನಾದ್ವು.

ಇದರ ಬೆಲೆ ಏನಂದ್ರೆ ಜುಟ್ಟು ಬೇರೆಯವರ ಕೈಲಿ. ಪ್ರೋಟಾನಲ್ಲಿ ಚೆನ್ನಾಗೇ ಓಡ್ತಿದ್ದ ಏಪೆಕ್ಸ್ ಲೆಜೆಂಡ್ಸ್, ಚೀಟರ್‌ಗಳ ಕಾಟ ಅಂತ 2024ರಲ್ಲಿ ಲಿನಕ್ಸನ್ನ ಪೂರ್ತಿ ಹೊರಗಿಡ್ತು. ಹಾಗಂತ ನೇಟಿವ್ ಆಗಿದ್ರೆ ಉಳೀತಿತ್ತಾ? ನೇಟಿವ್ ಇದ್ದ ರಾಕೆಟ್ ಲೀಗ್ 2020ರಲ್ಲೇ ಲಿನಕ್ಸ್ ಸಪೋರ್ಟ್ ನಿಲ್ಲಿಸಿತ್ತು.

ಮನಸ್ಸಿಟ್ಟು ಮಾಡಿದ ನೇಟಿವ್ ಹೇಗಿರುತ್ತೆ ಅಂದ್ರೆ ಫ್ಯಾಕ್ಟೋರಿಯೋ ಗೇಮು ನೋಡಿ. ಓಡ್ತಿರೋ ಪ್ರೋಗ್ರಾಮಿನ ನಕಲು ಮಾಡೋ ಫೋರ್ಕ್ ಅನ್ನೋ ಸಿಸ್ಟಮ್ ಕಾಲ್ ಬಳಸಿ, ಆಟ ನಿಲ್ಲಿಸದೇ ಹಿಂದಿಂದ ಸೇವ್ ಮಾಡ್ಕೊಳ್ಳುತ್ತೆ, ಆ ಅನುಕೂಲ ವಿಂಡೋಸ್ ವರ್ಷನ್ನಿಗೇ ಇಲ್ಲ.