ತೂಕ ಸರಿಯಿದ್ದರೂ ಸುಸ್ತೇಕೆ?

‘ಚೆನ್ನಾಗೇ ತಿಂತಾಳೆ ಡಾಕ್ಟ್ರೇ, ಆದ್ರೂ ಸಂಜೆ ಪುಸ್ತಕ ಹಿಡಿದ್ರೆ ತೂಕಡಿಸ್ತಾಳೆ. ಬರೀ ಸೋಮಾರಿತನ.’ 14–15ರ ಹುಡುಗಿಯರನ್ನು ಕರೆತರುವ ಅಮ್ಮಂದಿರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ತೂಕ ನೋಡಿದರೆ ವಯಸ್ಸಿಗೆ ತಕ್ಕಷ್ಟೇ ಇರುತ್ತದೆ. ಆಗ ನಾನು ಮಗುವಿನ ಕಡೆ ತಿರುಗಿ, ‘ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದೆ, ಹೇಳಮ್ಮ’ ಎನ್ನುತ್ತೇನೆ. ಬೆಳಿಗ್ಗೆ ಅವಸರಕ್ಕೆ ಬರೀ ಚಹಾ. ಮಧ್ಯಾಹ್ನ ಅರ್ಧ ಡಬ್ಬಿ. ಸಂಜೆ ಹಸಿವು ತಡೆಯಲಾರದೆ ಬಿಸ್ಕತ್ತು, ಚಿಪ್ಸ್, ತಂಪು ಪಾನೀಯ. ರಾತ್ರಿ ಊಟಕ್ಕೆ ಹಸಿವೇ ಇಲ್ಲ. ಇಷ್ಟರಲ್ಲಿ ಕ್ಯಾಲೊರಿ ಸಾಕಾಗಿಬಿಡುತ್ತದೆ, ತೂಕವೂ ಇಳಿಯುವುದಿಲ್ಲ. ಕಬ್ಬಿಣಾಂಶ, ಕ್ಯಾಲ್ಸಿಯಂ ಎಲ್ಲಿಂದ ಬರಬೇಕು?

ಮೂಳೆ ಗಟ್ಟಿಯಾಗುವ ಕೆಲಸ ಬಹುಪಾಲು 20ರೊಳಗೇ ಮುಗಿಯುತ್ತದೆ, ಹಾಗಾಗಿ ಕ್ಯಾಲ್ಸಿಯಂ ಕೊರತೆಯೂ ಸಣ್ಣದಲ್ಲ. ಆದರೆ ಓದುವ ಮಗುವನ್ನು ಇಂದೇ ಕಾಡುವುದು ಕಬ್ಬಿಣದ ಕೊರತೆ. ಮೈ ಬೆಳೆದಂತೆ ರಕ್ತ, ಸ್ನಾಯು ಎರಡೂ ಹೆಚ್ಚಬೇಕು, ಎರಡಕ್ಕೂ ಕಬ್ಬಿಣ ಬೇಕು. ಹುಡುಗಿಯರಿಗೆ ತಿಂಗಳ ಮುಟ್ಟಿನಲ್ಲಿ ಹೋಗುವುದು ಬೇರೆ. 12 ದಾಟಿದ ಹುಡುಗಿಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ರಕ್ತಹೀನತೆ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಬರಿದಾಗಿರುತ್ತದೆ. ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಅದು ಗೊತ್ತಾಗುತ್ತದೆ. ಆ ಹಂತದಲ್ಲೇ ಸುಸ್ತು ಶುರುವಾಗಬಹುದು, ಓದಿನಲ್ಲಿ ಗಮನ ನಿಲ್ಲದಿರಬಹುದು. ಅಂಥ ಮಗುವನ್ನು ಬೈದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮಾಂಸದಲ್ಲಿರುವಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆ ಚಹಾ, ಕಾಫಿ ಕುಡಿದರೆ ಅದೂ ಕಡಿಮೆಯಾಗುತ್ತದೆ. ನಿಂಬೆರಸ ಹಿಂಡಿಕೊಂಡರೆ, ಜೊತೆಗೆ ಕಿತ್ತಳೆ ತಿಂದರೆ ಹೆಚ್ಚುತ್ತದೆ. ಹಾಗಾಗಿ ನಾನು ಮೊದಲು ಬದಲಿಸಲು ಹೇಳುವುದು ಚಹಾದ ಹೊತ್ತನ್ನು: ಊಟಕ್ಕೂ ಅದಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ಬೆಳಗಿನ ತಿಂಡಿಯ ಮಾತು ಆಮೇಲೆ. ಅದಕ್ಕೆ ಹಿಂದಿನ ರಾತ್ರಿ ಬೇಗ ಮಲಗಬೇಕು. ತಡವಾಗಿ ಎದ್ದ ಮಗುವಿಗೆ ಹಸಿವಾಗುವುದಕ್ಕೂ ಪುರುಸೊತ್ತಿರುವುದಿಲ್ಲ.

ಕೊರತೆ ಖಚಿತವಾದ ಮೇಲೆ ಊಟವೊಂದೇ ಸಾಲದು, ಮಾತ್ರೆ ಬೇಕಾಗುತ್ತದೆ. ಅದನ್ನು ವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಡಿ. ಮಾತ್ರೆಯಿಂದ ಮಲ ಕಪ್ಪಗಾಗುವುದು ಸಹಜ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳು ಮುಂದುವರಿಸುತ್ತೇವೆ. ಬರಿದಾದ ದಾಸ್ತಾನು ತುಂಬಲು ಅಷ್ಟು ಕಾಲ ಹಿಡಿಯುತ್ತದೆ. ನಡುವೆ ಬಿಟ್ಟ ಮಕ್ಕಳು ಅದೇ ಸುಸ್ತು ಹೊತ್ತು ಮತ್ತೆ ಬರುವುದನ್ನು ನೋಡಿದ್ದೇನೆ.